ತುಕ್ಕು ಹಿಡಿದ ಜೀಪಿನ ಡಿಜಿಟಲ್ ಮಾದರಿ ನಿಜವೆನಿಸದಿದ್ದಾಗ: ದೋಷ ಹುಡುಕುವ ಕ್ರಮ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ತೋಟಗಳಲ್ಲಿ ಓಡಾಟ ನಿಲ್ಲಿಸಿ, ಸಿಲ್ವರ್ ಓಕ್ ಮರಗಳ ನಡುವೆಯೋ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಹಳೆಯ ಪಲ್ಪರ್ ಮನೆಯ ಹಿಂದೆಯೋ ವರ್ಷಗಟ್ಟಲೆ ನಿಂತಿರುವ ಜೀಪುಗಳು ಅಪರೂಪವಲ್ಲ. ಅಂಥ ಒಂದು ಜೀಪನ್ನು ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿಯಾಗಿ ಕಟ್ಟಲು ಹೊರಟವರಿಗೆ ಎದುರಾಗುವ ತೊಂದರೆ ಹೆಚ್ಚಾಗಿ ಒಂದೇ ಬಗೆಯದು. ಆಕಾರ ಸರಿಯಿರುತ್ತದೆ, ಬಳಸಿದ ತುಕ್ಕಿನ ಚಿತ್ರವೂ ಒಳ್ಳೆಯ ಗುಣಮಟ್ಟದ್ದೇ ಆಗಿರುತ್ತದೆ, ಆದರೂ ರೆಂಡರ್ ಮಾಡಿದಾಗ, ಅಂದರೆ ಮಾದರಿಯಿಂದ ಅಂತಿಮ ಚಿತ್ರ ತೆಗೆದಾಗ, ಹೊಸ ಜೀಪಿನ ಮೇಲೆ ಕಂದು ಬಣ್ಣ ಎರಚಿದಂತೆ ಕಾಣುತ್ತದೆ. ಆಗ ಬಹುತೇಕರು ಬೇರೊಂದು ತುಕ್ಕಿನ ಚಿತ್ರವನ್ನು ಇಳಿಸಿಕೊಂಡು ಹಾಕಿ ನೋಡುತ್ತಾರೆ, ಅದೂ ಹೊಂದದಿದ್ದರೆ ಮತ್ತೊಂದನ್ನು. ನನ್ನ ಅಭಿಪ್ರಾಯದಲ್ಲಿ ದೋಷ ಆ ಚಿತ್ರದಲ್ಲಿ ಇರುವುದು ತೀರ ಕಡಿಮೆ. ಈ ವಾಹನದ ಮೇಲೆ ಬಿದ್ದ ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಎಂದು ಕೇಳದೆ ತುಕ್ಕನ್ನು ಹರಡಿರುವುದೇ ಮುಖ್ಯ ಕಾರಣ. ಅದನ್ನು ಬಿಟ್ಟರೆ, ಬಣ್ಣಕ್ಕೆ ಸಂಬಂಧವೇ ಇಲ್ಲದ ಕೆಲವು ತಾಂತ್ರಿಕ ದೋಷಗಳು ಬಣ್ಣದ ದೋಷಗಳ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಈ ಎರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಎಲ್ಲ ಬಣ್ಣವನ್ನೂ ತೆಗೆದುಹಾಕಿ

ಪರೀಕ್ಷೆಯನ್ನು ಬಣ್ಣವಿಲ್ಲದ ಮಾದರಿಯಿಂದ ಆರಂಭಿಸಬೇಕು. ಬ್ಲೆಂಡರ್‌ನ ವ್ಯೂ ಲೇಯರ್ ವಿಭಾಗದಲ್ಲಿರುವ ಮೆಟೀರಿಯಲ್ ಓವರ್‌ರೈಡ್ ಮೂಲಕ ಇಡೀ ವಾಹನಕ್ಕೆ ಒಂದೇ ಬೂದು ಬಣ್ಣ ಕೊಟ್ಟು ರೆಂಡರ್ ಮಾಡಿರಿ. ಈ ಬೂದು ಚಿತ್ರವನ್ನು ನೋಡಿದವರಿಗೆ ಇದು ಕೈಬಿಟ್ಟ ವಾಹನವೆಂದು ತಿಳಿಯುತ್ತದೆಯೇ? ತಿಳಿಯದಿದ್ದರೆ ತುಕ್ಕಿಗೆ ಕೈಹಾಕುವುದು ವ್ಯರ್ಥ, ಏಕೆಂದರೆ ದೋಷ ಆಕಾರದಲ್ಲಿದೆ.

ಅಳತೆಯನ್ನು ಮೊದಲು ನೋಡಿರಿ. ನಮ್ಮ ಕಡೆಯ ಹಳೆಯ ತೋಟದ ಜೀಪುಗಳಿಗೆ ಮೂಲವಾದ ವಿಲ್ಲಿಸ್ ಸಿಜೆ-3ಬಿ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 80 ಅಂಗುಲ, ಅಂದರೆ 2032 ಮಿಲಿಮೀಟರ್. ನಿಮ್ಮ ಮಾದರಿಯಲ್ಲಿ ಈ ಅಂತರ 2 ಮೀಟರಿನ ಬದಲು 20 ಮೀಟರ್ ಇದ್ದರೆ, ಮುಂದೆ ಬರುವ ಬಂಪ್ (ಮೇಲ್ಮೈಯ ಸಣ್ಣ ಉಬ್ಬುತಗ್ಗು), ಬೆವೆಲ್ (ಅಂಚನ್ನು ದುಂಡಗಾಗಿಸುವುದು), ನಾಯ್ಸ್ (ಕ್ರಮವಿಲ್ಲದ ಕಲೆಗಳ ವಿನ್ಯಾಸ) ಯಾವುದರ ಮೌಲ್ಯವೂ ಅರ್ಥಪೂರ್ಣವಾಗಿರುವುದಿಲ್ಲ. ಗಾತ್ರ ಸರಿಪಡಿಸಿದ ಮೇಲೆ ಕಂಟ್ರೋಲ್ ಮತ್ತು ಎ ಕೀಲಿಗಳನ್ನು ಒತ್ತಿ ಸ್ಕೇಲ್ ಅನ್ನು ಅಪ್ಲೈ ಮಾಡುವುದನ್ನು, ಅಂದರೆ ಹೊಸ ಗಾತ್ರವನ್ನೇ ಮೂಲ ಗಾತ್ರವೆಂದು ದಾಖಲಿಸುವುದನ್ನು, ಮರೆಯಬಾರದು. ಒಂದು ದಿಕ್ಕಿಗೆ ಮಾತ್ರ ಎಳೆದು ಹಾಗೆಯೇ ಬಿಟ್ಟ ಬಾನೆಟ್ಟಿನ ಮೇಲೆ ತುಕ್ಕಿನ ಕಲೆಗಳೂ ಅದೇ ದಿಕ್ಕಿಗೆ ಎಳೆದಂತೆ ಉದ್ದವಾಗಿ ಕಾಣುತ್ತವೆ, ಮತ್ತು ಅದನ್ನು ನೋಡಿದವರು ಚಿತ್ರವನ್ನೇ ದೂರುತ್ತಾರೆ.

ನಂತರ ತಗಡಿನ ಅಂಚು. ವಾಹನದ ಮೈ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪವಿರುತ್ತದೆ, ಮಡಿಸಿದ ಕಡೆ ದುಂಡಗಿನ ತಿರುವು ಇರುತ್ತದೆ. ಗಣಿತದ ಗೆರೆಯಷ್ಟು ಚೂಪಾದ ಅಂಚಿನ ಮೇಲೆ ಬೆಳಕಿನ ಹೊಳಪು ನಿಲ್ಲುವುದಿಲ್ಲವಾದ್ದರಿಂದ ಅಂಥ ಮಾದರಿ ರಟ್ಟಿನಿಂದ ಮಾಡಿದ್ದೆಂಬ ಭಾವನೆ ಬರುತ್ತದೆ. ಎರಡು ಮೂರು ಮಿಲಿಮೀಟರಿನ ಬೆವೆಲ್ ಕೊಟ್ಟು ಮತ್ತೆ ಬೂದು ಚಿತ್ರವನ್ನು ನೋಡಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ವಾಹನ ನಿಂತಿರುವ ಭಂಗಿ ಇದಕ್ಕಿಂತ ಮುಖ್ಯ. ಗಾಳಿ ಹೋದ ಟೈರು ದುಂಡಗೆ ಉಳಿಯುವುದಿಲ್ಲ. ಅದರ ಪಕ್ಕದ ಗೋಡೆ ಮಡಿಚಿಕೊಂಡು, ರಿಮ್ಮಿನ ಅಂಚು ಬಹುತೇಕ ನೆಲಕ್ಕೆ ತಾಗುತ್ತದೆ. ಮಲೆನಾಡಿನ ಮಣ್ಣು ಮಳೆಗಾಲದಲ್ಲಿ ಮೆತ್ತಗಾಗಿ ಚಕ್ರಗಳು ಒಂದೇ ಸಮನಾಗಿ ಹೂತುಕೊಳ್ಳದ ಕಾರಣ ವಾಹನ ಒಂದು ಬದಿಗೆ ವಾಲಿರುತ್ತದೆ. ಚಕ್ರವನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದರೆ ಸಾಲದು, ಕೆಲವು ಸೆಂಟಿಮೀಟರ್ ಒಳಕ್ಕೆ ಇಳಿಸಿ ಸುತ್ತಲೂ ಮಣ್ಣು ಮತ್ತು ತರಗೆಲೆ ಏರಿಸಬೇಕು.

ಯಾವ ವಾಹನ ಎಂಬುದರ ಮೇಲೆ ಕುಸಿತದ ಬಗೆಯೂ ಬದಲಾಗುತ್ತದೆ. ಜೀಪಿನ ಭಾರವನ್ನು ಹೊರುವುದು ಅದರ ಚಾಸಿ. ಮೇಲಿನ ಮೈ ತಗಡು ಕೊಳೆತು ತೂತಾದರೂ ಚಾಸಿ ನೆಟ್ಟಗಿರುವವರೆಗೆ ವಾಹನದ ಗೆರೆ ಬಾಗುವುದಿಲ್ಲ. ಅಂಬಾಸಿಡರ್ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಅದರ ಮೈಯೇ ಭಾರ ಹೊರುತ್ತದೆ. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ ಕೊಳೆತ ಅಂಬಾಸಿಡರ್ ನಡುವಿನಲ್ಲಿ ಕುಸಿದು, ಬಾಗಿಲ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಜೀಪಿಗೆ ಇಂಥ ಕುಸಿತ ಕೊಟ್ಟರೂ ತಪ್ಪು, ಅಂಬಾಸಿಡರ್‌ಗೆ ಕೊಡದಿದ್ದರೂ ತಪ್ಪು.

ಪ್ರತಿ ಪದರವನ್ನೂ ಬಿಡಿಯಾಗಿ ನೋಡುವುದು

ಬೂದು ಚಿತ್ರ ತೃಪ್ತಿಕರವಾಗಿದ್ದರೆ ಮೆಟೀರಿಯಲ್ಲಿಗೆ, ಅಂದರೆ ಮೇಲ್ಮೈಯ ಬಣ್ಣ ಹೊಳಪುಗಳನ್ನು ನಿರ್ಧರಿಸುವ ವ್ಯವಸ್ಥೆಗೆ, ಬರಬಹುದು. ನೋಡ್ ರ‍್ಯಾಂಗ್ಲರ್ ಎಂಬ ಆಡ್-ಆನ್ ಚಾಲನೆಯಲ್ಲಿದ್ದರೆ, ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಯಾವುದೇ ನೋಡ್ ಮೇಲೆ (ಮೆಟೀರಿಯಲ್ ಕಟ್ಟುವ ಒಂದೊಂದು ಪೆಟ್ಟಿಗೆಯೇ ನೋಡ್) ಕ್ಲಿಕ್ ಮಾಡಿದಾಗ ಆ ಪದರವೊಂದೇ ಬೆಳಕು ನೆರಳಿನ ಪ್ರಭಾವವಿಲ್ಲದೆ ಕಾಣಿಸುತ್ತದೆ. ಮೆಟಾಲಿಕ್ (ಲೋಹದ ಗುಣ), ರಫ್‌ನೆಸ್ (ಒರಟುತನ), ನಾರ್ಮಲ್ (ಉಬ್ಬುತಗ್ಗಿನ ದಿಕ್ಕು), ಬೇಸ್ ಕಲರ್ (ಮೂಲ ಬಣ್ಣ) ಹೀಗೆ ಒಂದೊಂದನ್ನೂ ಬಿಡಿಯಾಗಿ ನೋಡಿರಿ. ಎಲ್ಲವನ್ನೂ ಒಟ್ಟಿಗೆ ನೋಡುತ್ತ ಊಹೆಯ ಮೇಲೆ ಮೌಲ್ಯಗಳನ್ನು ತಿರುಗಿಸುವುದರಿಂದ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ.

ತುಕ್ಕು ತಾಮ್ರ ಅಥವಾ ಕಂಚಿನ ಹಾಗೆ ಥಳಥಳಿಸುತ್ತಿದ್ದರೆ ಮೆಟಾಲಿಕ್ ಪದರ ತಪ್ಪಾಗಿದೆ. ತುಕ್ಕು ಕಬ್ಬಿಣದಿಂದ ಹುಟ್ಟಿದ್ದಾದರೂ ಅದು ಲೋಹವಲ್ಲ, ಕಬ್ಬಿಣವು ಆಮ್ಲಜನಕ ಮತ್ತು ನೀರಿನೊಡನೆ ಸೇರಿ ಆದ ಆಕ್ಸೈಡು. ಬೆಳಕನ್ನು ಅದು ಮಣ್ಣಿನಂತೆಯೇ ಚದುರಿಸುತ್ತದೆ. ಆದ್ದರಿಂದ ತುಕ್ಕಿಗೆ ಮೆಟಾಲಿಕ್ ಮೌಲ್ಯ 0. ಪೇಂಟಿಗೂ 0. ಬರಿಯ ಉಕ್ಕಿಗೆ ಮಾತ್ರ 1, ಆದರೆ ಮಲೆನಾಡಿನ ಮಳೆಗೆ ತೆರೆದುಕೊಂಡ ಬರಿಯ ಉಕ್ಕು ಕೆಲವೇ ದಿನಗಳಲ್ಲಿ ತುಕ್ಕಿನ ಹೊದಿಕೆ ಪಡೆಯುವುದರಿಂದ, ವರ್ಷಗಟ್ಟಲೆ ನಿಂತ ಜೀಪಿನಲ್ಲಿ ಹೊಳೆಯುವ ಉಕ್ಕು ಉಳಿದಿರುವುದೇ ಇಲ್ಲ. ಹೆಡ್‌ಲೈಟಿನ ಕ್ರೋಮ್ ಬಳೆಯಂತಹ ಒಂದೆರಡು ಭಾಗಗಳನ್ನು ಬಿಟ್ಟರೆ ಇಡೀ ಮೆಟಾಲಿಕ್ ಪದರ ಕಪ್ಪಾಗಿ, ಅಂದರೆ 0 ಆಗಿ, ಇರಬೇಕು. ಅಂಚುಗಳಲ್ಲೆಲ್ಲ ಬೆಳ್ಳಿಯಂತೆ ಹೊಳೆಯುವ ಗೀರುಗಳಿದ್ದರೆ ಅದು ಇನ್ನೂ ಕೆಲಸದಲ್ಲಿರುವ ಯಂತ್ರದ ಲಕ್ಷಣ, ಕೈಬಿಟ್ಟ ವಾಹನದ್ದಲ್ಲ.

ತುಕ್ಕು ಎಣ್ಣೆ ಸವರಿದಂತೆ ಜಿಡ್ಡಾಗಿ ಕಾಣುತ್ತಿದ್ದರೆ ರಫ್‌ನೆಸ್ ಚಿತ್ರದ ಕಲರ್ ಸ್ಪೇಸ್, ಅಂದರೆ ಚಿತ್ರದ ಸಂಖ್ಯೆಗಳನ್ನು ತಂತ್ರಾಂಶ ಓದುವ ಬಗೆಯನ್ನು, ನೋಡಿರಿ. ಅದು ನಾನ್-ಕಲರ್ ಆಗಿರಬೇಕು. ಎಸ್‌ಆರ್‌ಜಿಬಿ ಎಂದೇ ಉಳಿದಿದ್ದರೆ 0.5 ಇರಬೇಕಾದ ಮೌಲ್ಯವನ್ನು ತಂತ್ರಾಂಶ ಸುಮಾರು 0.21 ಎಂದು ಓದುತ್ತದೆ, ಪರಿಣಾಮವಾಗಿ ಮೇಲ್ಮೈಯೆಲ್ಲ ಇರಬೇಕಾದದ್ದಕ್ಕಿಂತ ಹೆಚ್ಚು ನುಣುಪಾಗುತ್ತದೆ. ಇದೇ ತಪ್ಪು ನಾರ್ಮಲ್ ಮ್ಯಾಪಿನಲ್ಲಿ ಆಗಿದ್ದರೆ ಬೆಳಕು ಇಡೀ ಮೇಲ್ಮೈಯಲ್ಲಿ ಒಂದು ಬದಿಗೆ ಜಾರಿದಂತೆ ಕಾಣುತ್ತದೆ.

ತುಕ್ಕಿನ ಗುಳಿಗಳು ಉಬ್ಬುಗಳಂತೆಯೂ, ಪೇಂಟಿನ ಉಬ್ಬುಗಳು ಗುಳಿಗಳಂತೆಯೂ ತೋರಿದರೆ ನಾರ್ಮಲ್ ಮ್ಯಾಪಿನ ಹಸಿರು ವಾಹಿನಿ (ಗ್ರೀನ್ ಚಾನೆಲ್) ತಿರುಗಿದೆ, ಅಂದರೆ ಮೇಲು ಕೆಳಗಿನ ದಿಕ್ಕು ಅದಲುಬದಲಾಗಿದೆ. ಬ್ಲೆಂಡರ್ ಓಪನ್‌ಜಿಎಲ್ ಪದ್ಧತಿಯನ್ನು ಅನುಸರಿಸುತ್ತದೆ, ಡೈರೆಕ್ಟ್‌ಎಕ್ಸ್ ಪದ್ಧತಿಯ ಚಿತ್ರದಲ್ಲಿ ಹಸಿರು ವಾಹಿನಿ ಇದಕ್ಕೆ ವಿರುದ್ಧವಾಗಿರುತ್ತದೆ. ಮೇಲಿನಿಂದ ಒಂದೇ ದೀಪ ಇಟ್ಟು ಬಾಗಿಲನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ಇನ್ನು ಬಂಪ್ ನೋಡ್ ಬಳಸುವವರು ಅದರ ಡಿಸ್ಟೆನ್ಸ್ ಮೌಲ್ಯವನ್ನು ಗಮನಿಸಬೇಕು: ಅಲ್ಲಿ 1 ಮೀಟರ್ ಇದ್ದರೆ ಒಂದು ಮಿಲಿಮೀಟರಿನ ತುಕ್ಕಿಗೆ ಬೆಟ್ಟದ ಎತ್ತರವನ್ನು ಕೊಟ್ಟಂತಾಗಿ ತಗಡು ಕಪ್ಪು ಚುಕ್ಕೆಗಳಿಂದ ತುಂಬುತ್ತದೆ. 0.001ರಿಂದ 0.003ರವರೆಗೆ ಇಳಿಸಿ ನೋಡಿರಿ. ಎತ್ತರದ ಚಿತ್ರ 8 ಬಿಟ್ ಆಗಿದ್ದು ಮೇಲ್ಮೈಯಲ್ಲಿ ಮೆಟ್ಟಿಲುಗಳು ಕಂಡರೆ 16 ಬಿಟ್ ಚಿತ್ರವೇ ಪರಿಹಾರ.

ಬಣ್ಣದ ವಿಷಯದಲ್ಲಿ ಸಾಮಾನ್ಯ ದೋಷ ಎಲ್ಲ ಕಡೆಯೂ ಒಂದೇ ಕಿತ್ತಳೆ. ಹೊಸದಾಗಿ ಮೂಡಿದ ತೆಳು ತುಕ್ಕು ಕಿತ್ತಳೆಯಾಗಿರುತ್ತದೆ. ಹಳೆಯದು ಕಡು ಕಂದು. ದಪ್ಪವಾಗಿ ಬೆಳೆದು ಪದರು ಪದರಾಗಿ ಎದ್ದ ತುಕ್ಕಿನ ಒಳಭಾಗದಲ್ಲಿ, ಗಾಳಿ ಕಡಿಮೆಯಿರುವ ಕಡೆ, ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡು ಇರುತ್ತದೆ. ಆದ್ದರಿಂದ ಹಳೆಯ ಜೀಪಿನ ತುಕ್ಕಿನ ಹೆಚ್ಚಿನ ಭಾಗ ಕಡು ಕಂದಾಗಿದ್ದು, ಕಿತ್ತಳೆ ಬಣ್ಣ ಪೇಂಟ್ ಈಚೆಗೆ ಉದುರಿದ ಅಂಚಿನಲ್ಲಿ ಮತ್ತು ನೀರು ತುಕ್ಕನ್ನು ತೊಳೆದು ಒಯ್ದ ಗೆರೆಗಳಲ್ಲಿ ಮಾತ್ರ ಇರುವಂತೆ ಮಾಡಿರಿ.

ನೀರು ನಡೆದ ದಾರಿ

ಮೇಲಿನ ಎಲ್ಲ ಪರೀಕ್ಷೆಗಳಲ್ಲಿ ಮಾದರಿ ಉತ್ತೀರ್ಣವಾದ ಮೇಲೂ ನಕಲಿ ಎನಿಸುತ್ತಿದ್ದರೆ ತುಕ್ಕು ಇರುವ ಜಾಗ ತಪ್ಪಾಗಿದೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇಲ್ಲಿದೆ, ಹೆಚ್ಚು ಸಮಯವನ್ನು ಇಲ್ಲಿಯೇ ಕಳೆಯಬೇಕು.

ಅಂತರಜಾಲದಲ್ಲಿ ಸಿಗುವ ತುಕ್ಕು ವಾಹನಗಳ ಚಿತ್ರಗಳಲ್ಲಿ ಹೆಚ್ಚಿನವು ಎರಡು ಬಗೆಯ ಪ್ರದೇಶಗಳಿಂದ ಬಂದವು. ಒಂದು, ಅಮೆರಿಕದ ಮರುಭೂಮಿ: ಅಲ್ಲಿ ಬಿಸಿಲಿಗೆ ಪೇಂಟ್ ಸುಟ್ಟು, ಬಾನೆಟ್ ಮತ್ತು ಚಾವಣಿಯ ಮೇಲೆ ತೆಳುವಾದ ತುಕ್ಕು ಸಮನಾಗಿ ಹರಡಿರುತ್ತದೆ, ತಗಡು ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಇನ್ನೊಂದು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ದೇಶಗಳು: ಅಲ್ಲಿ ಚಕ್ರ ಎರಚಿದ ಉಪ್ಪುನೀರಿನಿಂದ ತುಕ್ಕು ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಮಡ್‌ಗಾರ್ಡಿನ ಕಮಾನು ಮೊದಲು ತಿಂದುಹೋಗುತ್ತದೆ. ಮೂಡಿಗೆರೆಯ ತೋಟದಲ್ಲಿ ನಿಂತ ಜೀಪಿಗೆ ಈ ಎರಡೂ ಕಥೆ ಹೊಂದುವುದಿಲ್ಲ. ಇಲ್ಲಿ ನೀರು ಮೇಲಿನಿಂದ ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಬರುತ್ತದೆ, ಮರದ ನೆರಳಿನಿಂದಾಗಿ ಬೇಗ ಆರುವುದಿಲ್ಲ. ಲೋಹದ ಸವೆತವನ್ನು ಅಳೆಯುವ ಶಾಸ್ತ್ರದಲ್ಲಿ ಮೇಲ್ಮೈ ಒದ್ದೆಯಾಗಿರುವ ಅವಧಿಗೆ ದೊಡ್ಡ ಸ್ಥಾನವಿದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 80 ದಾಟಿದ ಹೊತ್ತನ್ನು ಒದ್ದೆಯ ಹೊತ್ತೆಂದೇ ಲೆಕ್ಕ ಹಿಡಿಯುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಈ ಸ್ಥಿತಿ ವಾರಗಟ್ಟಲೆ ಮುಂದುವರಿಯುತ್ತದೆ.

ಹೀಗಾಗಿ ಮಾದರಿಯ ಮುಂದೆ ಕುಳಿತು ಒಂದೊಂದು ಭಾಗಕ್ಕೂ ಪ್ರಶ್ನೆ ಹಾಕಿಕೊಳ್ಳಬೇಕು. ಬಾನೆಟ್ಟಿನ ಸಮತಟ್ಟಾದ ಮೇಲ್ಮೈಯಿಂದ ನೀರು ಜಾರಿಹೋಗುತ್ತದೆ, ಆದ್ದರಿಂದ ಅಲ್ಲಿ ಪೇಂಟ್ ಮಾಸಿದರೂ ತೂತು ಬೀಳುವುದು ತಡ. ಬಾನೆಟ್ ಮುಗಿದು ಗಾಜಿನ ಚೌಕಟ್ಟು ಆರಂಭವಾಗುವ ಮೂಲೆಯಲ್ಲಿ ಸಿಲ್ವರ್ ಓಕಿನ ಎಲೆಗಳು ಬಿದ್ದು ಕೊಳೆತು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ, ಅಲ್ಲಿ ತಗಡು ಬೇಗ ಸೋಲುತ್ತದೆ. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗಿನ ಕೆಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲ, ಹಾಗಾಗಿ ಬೀಡಿಂಗಿನ ಗೆರೆಯುದ್ದಕ್ಕೂ ಪೇಂಟ್ ಗುಳ್ಳೆ ಏಳುತ್ತದೆ. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಸ್ಪಾಟ್ ವೆಲ್ಡ್ ಮಾಡಿದ ಸಂದುಗಳಲ್ಲಿ ನೀರು ಸೇರಿದರೆ ಒಳಗಿನಿಂದ ಬೆಳೆಯುವ ತುಕ್ಕು ಆ ಎರಡು ತಗಡುಗಳನ್ನೇ ದೂರ ತಳ್ಳುತ್ತದೆ, ಏಕೆಂದರೆ ಕಬ್ಬಿಣಕ್ಕಿಂತ ಅದರ ತುಕ್ಕು ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ.

ಜೀಪಿನ ವಿಶೇಷ ದೌರ್ಬಲ್ಯ ಅದರ ನೆಲ. ಟಾರ್ಪಾಲಿನ ಹುಡ್ ಹರಿದುಹೋದ ಮೇಲೆ ಮಳೆ ನೇರವಾಗಿ ಒಳಗೆ ಬೀಳುತ್ತದೆ, ನೀರು ಹೋಗಬೇಕಾದ ತೂತುಗಳು ಎಲೆ ಮಣ್ಣಿನಿಂದ ಕಟ್ಟಿಕೊಳ್ಳುತ್ತವೆ, ಕಾಲಿಡುವ ಜಾಗ ತೊಟ್ಟಿಯಾಗುತ್ತದೆ. ಹೊರಗಿನ ಬಾಗಿಲ ಪಕ್ಕಕ್ಕೆ ದಟ್ಟ ತುಕ್ಕು ಬಳಿದು ಒಳಗಿನ ನೆಲವನ್ನು ಇಡಿಯಾಗಿ ಬಿಟ್ಟ ಮಾದರಿಗಳನ್ನು ನೋಡಿದಾಗ ಈ ಕಾರಣಕ್ಕೆ ನಂಬಿಕೆ ಬರುವುದಿಲ್ಲ. ನಿಜದಲ್ಲಿ ಅದು ತಲೆಕೆಳಗು. ಬ್ಯಾಟರಿ ತಟ್ಟೆಯನ್ನೂ ಮರೆಯಬಾರದು, ಚೆಲ್ಲಿದ ಆಮ್ಲದಿಂದ ಆ ಭಾಗ ಬೇರೆಲ್ಲದಕ್ಕಿಂತ ಮೊದಲೇ ತಿಂದುಹೋಗಿರುತ್ತದೆ. ಇದಕ್ಕೆ ಎದುರಾಗಿ, ಎಂಜಿನ್ನು ಮತ್ತು ಗೇರ್‌ಬಾಕ್ಸಿನ ಕೆಳಗೆ ವರ್ಷಗಳ ಕಾಲ ಆಯಿಲ್ ಸೋರಿ ಧೂಳಿನೊಡನೆ ಗಟ್ಟಿಯಾದ ಕಪ್ಪು ಜಿಡ್ಡು ಕಬ್ಬಿಣವನ್ನು ಕಾಪಾಡಿರುತ್ತದೆ. ಅಲ್ಲಿ ತುಕ್ಕು ಹಾಕಬೇಡಿ.

ತುಕ್ಕೇ ಹಿಡಿಯದ ವಸ್ತುಗಳಿಗೂ ತುಕ್ಕು ಹಾಕಿರುವುದನ್ನು ಆಗಾಗ ಕಾಣಬಹುದು. ಅಲ್ಯುಮಿನಿಯಂ ನಂಬರ್ ಪ್ಲೇಟಿನ ಮೇಲೆ ಬಿಳಿಯ ಪುಡಿ ಕಟ್ಟುತ್ತದೆಯೇ ಹೊರತು ಕೆಂಪು ತುಕ್ಕಲ್ಲ. ಹಳೆಯ ರೇಡಿಯೇಟರಿನ ತಾಮ್ರ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಗಾಜು, ರಬ್ಬರು, ರೆಕ್ಸಿನ್ ಸೀಟುಗಳಿಗೆ ಧೂಳು, ಬಿರುಕು, ಬೂಷ್ಟು ಸಾಕು. ಇಡೀ ವಾಹನಕ್ಕೆ ಒಂದೇ ಮಾಸ್ಕ್ (ತುಕ್ಕು ಎಲ್ಲಿರಬೇಕೆಂದು ತೋರಿಸುವ ಕಪ್ಪು ಬಿಳುಪು ಚಿತ್ರ) ಹಾಕಿದಾಗ ಈ ತಪ್ಪು ತಾನಾಗಿಯೇ ಆಗುತ್ತದೆ, ಆದ್ದರಿಂದ ವಸ್ತುವಿನ ಪ್ರಕಾರ ಮೆಟೀರಿಯಲ್‌ಗಳನ್ನು ಮೊದಲೇ ಬೇರ್ಪಡಿಸಿರಿ.

ವಾಹನ ಯಾವ ಊರಿನಲ್ಲಿ ನಿಂತಿದೆ ಎಂಬುದನ್ನು ನಿರ್ಧರಿಸದೆ ಮುಂದುವರಿಯಬಾರದು. ಹಾಸನ ಜಿಲ್ಲೆಯೊಂದರಲ್ಲೇ ಮಳೆ ಸುರಿಯುವ ಸಕಲೇಶಪುರವೂ ಇದೆ, ಒಣ ಬಯಲಿನ ಅರಸೀಕೆರೆಯೂ ಇದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪಕ್ಕೂ ಕಡೂರಿಗೂ ಹವೆಯಲ್ಲಿ ಅಂಥದೇ ಅಂತರ. ಅರಸೀಕೆರೆ ಅಥವಾ ಕಡೂರಿನ ಬಯಲಿನಲ್ಲಿ, ತೆಂಗಿನ ತೋಟದ ಅಂಚಿಗೆ ನಿಂತ ಅದೇ ಜೀಪಿನ ಪೇಂಟ್ ಬಿಸಿಲಿಗೆ ಮಾಸಿ ಸುಣ್ಣದ ಪುಡಿಯಂತಾಗಿರುತ್ತದೆ, ತುಕ್ಕು ತೆಳುವಾಗಿರುತ್ತದೆ, ತಗ್ಗುಗಳಲ್ಲಿ ಧೂಳು ಕುಳಿತಿರುತ್ತದೆ, ಪಾಚಿ ಇರುವುದೇ ಇಲ್ಲ. ಒಂದೇ ಮಾದರಿಯಲ್ಲಿ ದಟ್ಟ ಹಸಿರು ಪಾಚಿಯನ್ನೂ ಬಿಸಿಲಿಗೆ ಸುಟ್ಟ ಪೇಂಟನ್ನೂ ಒಟ್ಟಿಗೆ ತೋರಿಸಿದಾಗ ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಹೊಂದುತ್ತಿಲ್ಲ ಎಂದು ಗೊತ್ತಾಗುತ್ತದೆ.

ಮಲೆನಾಡಿನ ಜೀಪಿಗೆ ಮುಂಗಾರಿನ ದಿಕ್ಕೂ ಮುಖ್ಯ. ಮಳೆಗಾಳಿ ನೈಋತ್ಯ ಮತ್ತು ಪಶ್ಚಿಮದಿಂದ ಬೀಸುವುದರಿಂದ ಆ ದಿಕ್ಕಿಗೆ ತೆರೆದುಕೊಂಡ ಬದಿ ಹೆಚ್ಚು ಹೊಡೆತ ತಿನ್ನುತ್ತದೆ. ಎಡ ಬಲ ಎರಡೂ ಬದಿಗಳಲ್ಲಿ ಒಂದೇ ಪ್ರಮಾಣದ ತುಕ್ಕಿದ್ದರೆ, ಅದರಲ್ಲೂ ಒಂದು ಬದಿಯನ್ನು ಇನ್ನೊಂದಕ್ಕೆ ನಕಲಿಸುವ ಮಿರರ್ ಮಾಡಿಫೈಯರ್‌ನಿಂದ ಯುವಿ (ಮೇಲ್ಮೈಯನ್ನು ಚಪ್ಪಟೆ ಚಿತ್ರಕ್ಕೆ ಹೊಂದಿಸುವ ನಕ್ಷೆ) ಕೂಡ ಪ್ರತಿಬಿಂಬಿತವಾಗಿ ಅದೇ ಕಲೆ ಎರಡೂ ಬಾಗಿಲುಗಳ ಮೇಲೆ ಕಾಣುತ್ತಿದ್ದರೆ, ಮಿರರ್ ಅನ್ನು ಅಪ್ಲೈ ಮಾಡಿ ಒಂದು ಬದಿಯ ಯುವಿಗಳನ್ನು ಬೇರೆ ಜಾಗಕ್ಕೆ ಸರಿಸಿರಿ.

ಇಳಿಗೆರೆಗಳು ಮತ್ತು ವಾಲಿಕೆ

ಬೋಲ್ಟಿನ ತಲೆಯಿಂದ, ಸಂದಿನಿಂದ, ತೂತಿನ ಕೆಳ ಅಂಚಿನಿಂದ ಇಳಿಯುವ ತುಕ್ಕು ನೀರಿನ ಗೆರೆಗಳು ಮಾದರಿಗೆ ಜೀವ ಕೊಡುತ್ತವೆ, ಆದರೆ ಅವುಗಳಲ್ಲಿ ಒಂದು ಸೂಕ್ಷ್ಮ ದೋಷ ಅಡಗಿರುತ್ತದೆ. ಗೆರೆಗಳನ್ನು ವಸ್ತುವಿನ ಸ್ವಂತ ಅಕ್ಷಕ್ಕೆ ಹೊಂದಿಸಿ ಬರೆದಿದ್ದರೆ, ನಂತರ ವಾಹನವನ್ನು ಒಂದು ಬದಿಗೆ ವಾಲಿಸಿದಾಗ ಗೆರೆಗಳೂ ಅದರೊಂದಿಗೆ ವಾಲುತ್ತವೆ. ನೀರು ವಾಹನದ ಅಕ್ಷವನ್ನು ನೋಡಿ ಇಳಿಯುವುದಿಲ್ಲ, ಭೂಮಿಯ ಕಡೆಗೆ ಇಳಿಯುತ್ತದೆ. ಭಂಗಿಯನ್ನು ಮೊದಲು ಅಂತಿಮಗೊಳಿಸಿ, ಆಮೇಲೆ ಗೆರೆಗಳನ್ನು ಲೋಕದ ಅಕ್ಷದಲ್ಲಿ, ಅಂದರೆ ವರ್ಲ್ಡ್ ಸ್ಪೇಸಿನಲ್ಲಿ, ರಚಿಸಬೇಕು. ಇಲ್ಲಿ ಒಂದು ಸುಂದರ ಸಾಧ್ಯತೆಯೂ ಇದೆ: ವಾಹನ ಮೊದಲು ನೆಟ್ಟಗೆ ನಿಂತು ಬಳಿಕ ವಾಲಿದ್ದರೆ, ಹಳೆಯ ಗೆರೆಗಳು ಬಾಗಿಲಿಗೆ ಸಮಾನಾಂತರವಾಗಿ ಕಡು ಬಣ್ಣದಲ್ಲಿಯೂ, ಹೊಸ ಗೆರೆಗಳು ಅವುಗಳನ್ನು ಓರೆಯಾಗಿ ದಾಟಿ ಕಿತ್ತಳೆ ಬಣ್ಣದಲ್ಲಿಯೂ ಇರುತ್ತವೆ. ಇಷ್ಟೊಂದು ಸೂಕ್ಷ್ಮಕ್ಕೆ ಇಳಿಯುವ ಶ್ರಮ ಖಂಡಿತ ಸಾರ್ಥಕ.

ಪೇಂಟ್ ಎಷ್ಟು ಪದರ

ತುಕ್ಕಿನ ಅಂಚು ಕತ್ತರಿಸಿ ಅಂಟಿಸಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಪೇಂಟಿನಿಂದ ನೇರವಾಗಿ ತುಕ್ಕಿಗೆ ಹಾರಿರುವುದು. ತೋಟದ ಜೀಪು ತನ್ನ ಆಯುಷ್ಯದಲ್ಲಿ ಹಲವು ಬಾರಿ ಗ್ಯಾರೇಜು ಕಂಡಿರುತ್ತದೆ, ಟಿಂಕರಿಂಗ್ ಆಗಿರುತ್ತದೆ, ಬೇರೆ ಬಣ್ಣ ಹೊಡೆಸಿಕೊಂಡಿರುತ್ತದೆ. ಪೇಂಟ್ ಎದ್ದ ಕಡೆ ಮೇಲಿನ ಬಣ್ಣ, ಅದರ ಕೆಳಗೆ ಹಳೆಯ ಬಣ್ಣ, ಪುಟ್ಟಿ, ರೆಡ್ ಆಕ್ಸೈಡ್ ಪ್ರೈಮರ್, ಕೊನೆಗೆ ತಗಡು, ಹೀಗೆ ಪದರಗಳು ಒಂದಕ್ಕಿಂತ ಒಂದು ಸ್ವಲ್ಪ ಒಳಗೆ ಸರಿದು ತೋರಬೇಕು. ಒಂದೇ ಮಾಸ್ಕ್ ಅನ್ನು ಕಲರ್ ರ‍್ಯಾಂಪಿನಲ್ಲಿ ಬೇರೆ ಬೇರೆ ಮಿತಿಗಳಲ್ಲಿ ಕತ್ತರಿಸಿದರೆ ಈ ಪದರಗಳು ಸುಲಭವಾಗಿ ದೊರೆಯುತ್ತವೆ, ಆದರೆ ಪ್ರತಿ ಪದರಕ್ಕೂ ಸ್ವಲ್ಪ ಬೇರೆ ನಾಯ್ಸ್ ಸೇರಿಸದಿದ್ದರೆ ಅವು ನಕ್ಷೆಯ ಎತ್ತರದ ಗೆರೆಗಳಂತೆ ಸಮಾನಾಂತರವಾಗಿ ಬಂದು ಮತ್ತೆ ಕೃತಕವಾಗುತ್ತವೆ.

ರೆಡ್ ಆಕ್ಸೈಡ್ ಪ್ರೈಮರನ್ನು ತುಕ್ಕೆಂದು ತಿಳಿಯುವ ಗೊಂದಲವೂ ಉಂಟು. ಫೋಟೋದಲ್ಲಿ ಎರಡೂ ಕೆಂಗಂದು. ಪ್ರೈಮರ್ ಮಾತ್ರ ಸಮನಾದ, ನುಣುಪಾದ ಒಂದೇ ಬಣ್ಣ. ತುಕ್ಕಿನಲ್ಲಿ ಕೈಯಗಲದೊಳಗೆ ನಾಲ್ಕಾರು ಬಣ್ಣಗಳಿರುತ್ತವೆ ಮತ್ತು ಮೇಲ್ಮೈ ಒರಟಾಗಿರುತ್ತದೆ. ಇನ್ನು ಎತ್ತರದ ವಿಷಯ: ಪೇಂಟ್ ಉದುರಿದ ಜಾಗವನ್ನು ಗುಳಿಯೆಂದು ಮಾಡಿ ತುಕ್ಕನ್ನು ಅದರ ತಳದಲ್ಲಿ ಇಡುವುದು ವಾಡಿಕೆ. ತುಕ್ಕು ಪೇಂಟಿನ ಅಡಿಯಲ್ಲಿ ಹಿಗ್ಗುವುದರಿಂದ, ಉದುರಿದ ಜಾಗದ ಸುತ್ತಲಿನ ಪೇಂಟ್ ಸುಟ್ಟ ಹಪ್ಪಳದ ಗುಳ್ಳೆಗಳಂತೆ ಮೇಲೆದ್ದು, ಒಡೆದ ಅಂಚು ಹೊರಕ್ಕೆ ಸುರುಳಿಯಾಗಿರಬೇಕು. ತುಕ್ಕಿನ ಮಾಸ್ಕ್ ಅನ್ನು ತುಸು ಹಿಗ್ಗಿಸಿ ಮಸುಕುಗೊಳಿಸಿ ಅದನ್ನು ಪೇಂಟಿನ ಎತ್ತರಕ್ಕೆ ಕೂಡಿಸಿದರೆ ಈ ಉಬ್ಬು ಬರುತ್ತದೆ.

ತೂತುಗಳನ್ನು ಆಲ್ಫಾ (ಪಾರದರ್ಶಕತೆ) ಮೂಲಕ ಕತ್ತರಿಸಿದವರು ಒಳಗೆ ಏನು ಕಾಣುತ್ತದೆ ಎಂದು ಪರೀಕ್ಷಿಸಬೇಕು. ತೂತಿನ ಆಚೆ ಬರಿಯ ಶೂನ್ಯ ಅಥವಾ ಹಿನ್ನೆಲೆಯ ಆಕಾಶ ಕಂಡರೆ ತಗಡಿನ ಹಿಂದೆ ಇರಬೇಕಾದ ಒಳಪಟ್ಟಿ ಮಾದರಿಯಲ್ಲಿ ಇಲ್ಲವೆಂದು ಅರ್ಥ.

ಕಣದ ಗಾತ್ರ, ಅಂಚಿನ ಸವೆತ

ಬಾನೆಟ್ಟಿನ ಮೇಲೆ ತುಕ್ಕಿನ ಕಣ ದಪ್ಪವಾಗಿಯೂ ಬೋಲ್ಟಿನ ಮೇಲೆ ಅತಿ ಸಣ್ಣದಾಗಿಯೂ ಇದ್ದರೆ ಟೆಕ್ಸ್ಚರ್ ಕೋಆರ್ಡಿನೇಟ್ ನೋಡಿನಲ್ಲಿ ಜನರೇಟೆಡ್ ಆಯ್ಕೆಯಾಗಿದೆ. ಅದು ಪ್ರತಿ ವಸ್ತುವನ್ನೂ ಅದರ ಗಾತ್ರ ಎಷ್ಟೇ ಇರಲಿ 0ಯಿಂದ 1ರವರೆಗಿನ ಪೆಟ್ಟಿಗೆಗೆ ಹಿಡಿಸುತ್ತದೆ. ಸ್ಕೇಲ್ ಅಪ್ಲೈ ಮಾಡಿ ಆಬ್ಜೆಕ್ಟ್ ಆಯ್ಕೆಗೆ ಬದಲಿಸಿದರೆ ಕಣ ಎಲ್ಲೆಡೆ ಒಂದೇ ಗಾತ್ರಕ್ಕೆ ಬರುತ್ತದೆ. ದೂರದಿಂದ ಚೆನ್ನಾಗಿದ್ದು ಹತ್ತಿರ ಹೋದಾಗ ಮಸುಕಾಗುವ ಮಾದರಿಯಲ್ಲಿ ಪಿಕ್ಸೆಲ್ ಸಾಂದ್ರತೆಯ ಕೊರತೆಯಿದೆ. ಒಳ ಹೊರ ಮೈ ಸೇರಿ ಜೀಪಿನ ಮೇಲ್ಮೈ 30 ಚದರ ಮೀಟರ್ ಎಂದು ಭಾವಿಸೋಣ, 4096 ಪಿಕ್ಸೆಲ್ ಅಗಲ ಎತ್ತರದ ಒಂದೇ ಚಿತ್ರದ ಶೇಕಡ 70 ಭಾಗ ಬಳಕೆಯಾಗಿದೆ ಎನ್ನೋಣ; ಆಗ ಒಂದು ಮೀಟರಿಗೆ ದಕ್ಕುವುದು ಸುಮಾರು 625 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್ ಸುಮಾರು 1.6 ಮಿಲಿಮೀಟರ್. ಎರಡು ಮಿಲಿಮೀಟರಿನ ಪೇಂಟ್ ಚೂರಿಗೆ ಅಲ್ಲಿ ಜಾಗವೇ ಇಲ್ಲ. ಒಂದೋ ಒಂದೇ ಮಾದರಿಗೆ ಹಲವು ಚಿತ್ರಗಳನ್ನು ಹಂಚುವ ಯುಡಿಐಎಂ ಮೂಲಕ ಚಿತ್ರಗಳ ಸಂಖ್ಯೆ ಹೆಚ್ಚಿಸಿ, ಇಲ್ಲವೇ ಸಣ್ಣ ಕಣಗಳಿಗಾಗಿ ಪುನರಾವರ್ತಿಸುವ ಪ್ರತ್ಯೇಕ ಚಿತ್ರವನ್ನು ಮೇಲೆ ಸೇರಿಸಿ.

ಎಲ್ಲ ಅಂಚುಗಳೂ ಒಂದೇ ಅಗಲಕ್ಕೆ ಸವೆದಿರುವುದು ಸ್ವಯಂಚಾಲಿತ ಮಾಸ್ಕ್‌ಗಳ ಗುರುತು. ಅಂಚುಗಳನ್ನು ಗುರುತಿಸುವ ಬ್ಲೆಂಡರ್‌ನ ಪಾಯಿಂಟಿನೆಸ್, ಸೈಕಲ್ಸ್ ಎಂಬ ರೆಂಡರ್ ಎಂಜಿನ್ನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ ಮತ್ತು ಪ್ರತಿ ವರ್ಟೆಕ್ಸ್‌ನಲ್ಲಿ (ಮೂಲೆಬಿಂದುವಿನಲ್ಲಿ) ಲೆಕ್ಕ ಹಾಕುತ್ತದೆ, ಆದ್ದರಿಂದ ಈ ಬಿಂದುಗಳ ಜಾಲವಾದ ಮೆಶ್ ವಿರಳವಾಗಿದ್ದರೆ ಸವೆತ ತ್ರಿಕೋನಾಕಾರದ ಕಲೆಗಳಾಗಿ ಹರಡುತ್ತದೆ. ಮೆಶ್ ದಟ್ಟವಾಗಿದ್ದರೂ ಅದು ಹೇಳುವುದು ಅಂಚು ಎಲ್ಲಿದೆ ಎಂಬುದನ್ನಷ್ಟೇ; ಕೈ, ಕಾಲು, ಹಗ್ಗ, ಕಾಫಿ ಮೂಟೆ ಉಜ್ಜಿದ ಅಂಚು ಯಾವುದು ಎಂಬುದನ್ನು ನೀವೇ ಬ್ರಶ್ ಹಿಡಿದು ಹೇಳಬೇಕು. ಜೀಪಿನ ಹಿಂದಿನ ಡೋರಿನ ಮೇಲಂಚು, ಹತ್ತುವ ಕಡೆಯ ತಗಡು, ಹುಡ್ಡಿನ ಹಗ್ಗ ಕಟ್ಟುವ ಕೊಕ್ಕೆಗಳು ಹೆಚ್ಚು ಸವೆದಿರುತ್ತವೆ. ಉಳಿದ ಅಂಚುಗಳಿಂದ ಸವೆತವನ್ನು ಧೈರ್ಯವಾಗಿ ಅಳಿಸಿಹಾಕಿರಿ.

ಹಸಿರು ಮತ್ತು ನೀಲಿ

ಪಾಚಿಯನ್ನು ನೆರಳಿನ ಬದಿಯ ಬೀಡಿಂಗ್, ಗಾಜಿನ ಕೆಳ ಅಂಚು, ಮಣ್ಣು ಕುಳಿತ ಸಂದುಗಳಲ್ಲಿ ಇಡಿರಿ. ಉದುರುತ್ತಲೇ ಇರುವ ತುಕ್ಕಿನ ಮೇಲೆ ಅದು ನೆಲೆಯೂರುವುದು ಕಷ್ಟ. ತೋಟದ ಜೀಪಿಗೆ ಇನ್ನೊಂದು ಬಣ್ಣವೂ ಸಲ್ಲುತ್ತದೆ, ಹೊರಗಿನ ಚಿತ್ರಗಳಲ್ಲಿ ಅದು ಸಿಗುವುದಿಲ್ಲ. ಕಾಫಿಯ ಎಲೆತುಕ್ಕು ರೋಗಕ್ಕೂ ಅಡಿಕೆಯ ಕೊಳೆರೋಗಕ್ಕೂ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಅದರ ಹನಿಗಳು ಒಣಗಿದಾಗ ತಿಳಿ ನೀಲಿಯ ಕಲೆ ಉಳಿಯುತ್ತದೆ. ಡ್ರಮ್ಮುಗಳನ್ನು ಹೊತ್ತು ತಿರುಗಿದ ಜೀಪಿನ ಹಿಂಭಾಗದಲ್ಲಿ, ಮಳೆ ತಾಗದ ಮರೆಯಲ್ಲಿ, ಇಂಥ ಕೆಲವು ಕಲೆಗಳು ಇಡೀ ಮಾದರಿಯನ್ನು ಈ ನೆಲಕ್ಕೆ ಕಟ್ಟಿಹಾಕುತ್ತವೆ. ಸೀಟಿನ ಮೇಲೆ, ಮೀಟರುಗಳ ಮೇಲೆ ಹರಡಬೇಡಿ.

ಫೋಟೋ ಮತ್ತು ಗೇಮ್ ಎಂಜಿನ್

ಸ್ವತಃ ತೆಗೆದ ಫೋಟೋದಿಂದ ಬಣ್ಣ ಎತ್ತಿಕೊಂಡಾಗ ತುಕ್ಕು ತೀರ ಕಪ್ಪಾಗಿ ಬಂದರೆ, ಫೋಟೋ ತೆಗೆದಾಗ ಲೋಹ ಒದ್ದೆಯಾಗಿದ್ದಿರಬಹುದು. ಮಳೆ ಬಿಟ್ಟು ತುಕ್ಕು ಪೂರ್ತಿ ಆರಿದ ದಿನ, ಮೋಡ ಕವಿದ ಬೆಳಕಿನಲ್ಲಿ, ಚೌಕಟ್ಟಿನೊಳಗೆ ಒಂದು ಬೂದು ಕಾರ್ಡ್ ಇಟ್ಟು ತೆಗೆಯಿರಿ. ಹಲವು ಫೋಟೋಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಫೋಟೋಗ್ರಾಮೆಟ್ರಿಗೂ ಇದೇ ಹವೆ ಒಳ್ಳೆಯದು, ಒದ್ದೆ ಮೇಲ್ಮೈಯ ಹೊಳಪು ಪ್ರತಿ ಕೋನದಿಂದ ಜಾಗ ಬದಲಿಸುವುದರಿಂದ ತಂತ್ರಾಂಶಕ್ಕೆ ಚಿತ್ರಗಳನ್ನು ಜೋಡಿಸಲಾಗುವುದಿಲ್ಲ.

ಬ್ಲೆಂಡರ್‌ನಲ್ಲಿ ಹಿತವಾಗಿದ್ದ ತುಕ್ಕು ಗೇಮ್ ಎಂಜಿನ್ನಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆಯಾದರೆ ಬಣ್ಣಗಳನ್ನು ಪರದೆಗೆ ಹೊಂದಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಆಯ್ಕೆಯನ್ನು ನೋಡಿರಿ. 4.0 ಆವೃತ್ತಿಯಿಂದ ಬ್ಲೆಂಡರ್‌ನ ಸಹಜ ಆಯ್ಕೆಯಾದ ಎಜಿಎಕ್ಸ್ ಗಾಢ ಬಣ್ಣಗಳನ್ನು ಸೌಮ್ಯಗೊಳಿಸುತ್ತದೆ, ಅದಕ್ಕೆ ಹೊಂದಿಕೊಂಡು ನಾವು ಬೇಸ್ ಕಲರ್ ಅನ್ನು ಹೆಚ್ಚು ಗಾಢಗೊಳಿಸಿರುತ್ತೇವೆ. ಬೇಸ್ ಕಲರ್ ನಿರ್ಧರಿಸುವಾಗ ಮಾತ್ರ ಸ್ಟ್ಯಾಂಡರ್ಡ್‌ಗೆ ಬದಲಿಸಿಕೊಂಡರೆ ಈ ಅಂತರ ಕಡಿಮೆಯಾಗುತ್ತದೆ. ಅನ್‌ರಿಯಲ್‌ಗೆ ಒಯ್ಯುವಾಗ ನಾರ್ಮಲ್ ಮ್ಯಾಪಿನ ಹಸಿರು ವಾಹಿನಿಯನ್ನು ತಿರುಗಿಸಬೇಕು. ಯೂನಿಟಿ ಮತ್ತು ಗೋಡೋ ಬ್ಲೆಂಡರ್‌ನ ಪದ್ಧತಿಯನ್ನೇ ಒಪ್ಪುತ್ತವೆ. ದೂರದಿಂದ ನೋಡಿದಾಗ ಯುವಿ ಸೀಳುಗಳಲ್ಲಿ ತೆಳು ಗೆರೆಗಳು ಕಂಡರೆ ಬೇಕ್ ಮಾಡುವಾಗ, ಅಂದರೆ ಮೆಟೀರಿಯಲ್ ಅನ್ನು ಚಿತ್ರವಾಗಿ ಉಳಿಸುವಾಗ, ಅಂಚಿನಾಚೆ ಬಿಟ್ಟ ಮಾರ್ಜಿನ್ ಸಾಲದಾಗಿದೆ.

ದೃಶ್ಯದಲ್ಲಿ ಮಳೆ ಬೀಳುವಂತಿದ್ದರೆ ಒಂದು ಕೊನೆಯ ಪರೀಕ್ಷೆ ಬಾಕಿಯಿರುತ್ತದೆ. ಇಡೀ ವಾಹನಕ್ಕೆ ಒಂದೇ ಒದ್ದೆ ಪರಿಣಾಮ ಕೊಟ್ಟರೆ ತುಕ್ಕು ಪ್ಲಾಸ್ಟಿಕ್ಕಿನಂತಾಗುತ್ತದೆ. ತುಕ್ಕು ರಂಧ್ರಮಯವಾದ್ದರಿಂದ ನೀರನ್ನು ಹೀರಿ ಚೆನ್ನಾಗಿ ಕಪ್ಪಾಗುತ್ತದೆ, ಅದರ ಒರಟುತನ ಮಾತ್ರ ಸ್ವಲ್ಪವೇ ಇಳಿಯುತ್ತದೆ; ಉಳಿದಿರುವ ಪೇಂಟ್ ಬಣ್ಣ ಬದಲಿಸದೆ ಹೊಳಪು ಪಡೆಯುತ್ತದೆ; ಗಾಜಿನ ಮೇಲೆ ಹನಿ ನಿಲ್ಲುತ್ತದೆ. ತುಕ್ಕಿಗಾಗಿ ಈಗಾಗಲೇ ಮಾಡಿಟ್ಟ ಮಾಸ್ಕನ್ನೇ ಹೀರುವ ಗುಣದ ಮಾಸ್ಕ್ ಆಗಿ ಬಳಸಿ, ಬೇಸ್ ಕಲರ್ ಕಪ್ಪಾಗುವ ಪ್ರಮಾಣವನ್ನೂ ರಫ್‌ನೆಸ್ ಇಳಿಯುವ ಪ್ರಮಾಣವನ್ನೂ ಅದಕ್ಕೆ ಪ್ರತ್ಯೇಕವಾಗಿ ಜೋಡಿಸಿರಿ.